ಎರಡು ಬ್ಯಾಕ್, ಒಬ್ಬ ಕಾಕಾ

ಫಸ್ಟ್ ಇಯರ್ ಫಿಸಿಕ್ಸ್ ಸೈಕಲ್‌ನಲ್ಲಿ ನನಗೆ ಎರಡು ಬ್ಯಾಕ್ ಬಂದವು. ಒಂದು ಮ್ಯಾಥ್ಸ್, ಒಂದು ಫಿಸಿಕ್ಸ್. ಮ್ಯಾಥ್ಸ್ ಬ್ಯಾಕ್ ಇದ್ದವರು ನಮ್ಮ ಕ್ಯಾಂಪಸ್‌ನಲ್ಲಿ ಬೇಕಾದಷ್ಟು ಜನ ಇದ್ದಾರೆ, ಅದರಲ್ಲಿ ಹೇಳೋವಂಥದ್ದೇನಿಲ್ಲ. ಆದರೆ ಫಿಸಿಕ್ಸ್ ಕಥೆ ಕೇಳಿದರೆ ನಗ್ತೀರಿ. ಪರೀಕ್ಷೆಯ ಹಿಂದಿನ ರಾತ್ರಿ ಲೇಸರ್ ಮಾಡ್ಯೂಲ್ ತೆಗೆದು ಕೂತೆ. ಪಾಪ್ಯುಲೇಶನ್ ಇನ್ವರ್ಶನ್ ಎಷ್ಟು ಚೆನ್ನಾಗಿದೆ ಅನ್ನಿಸಿತೆಂದರೆ ಒಂದು ವಿಡಿಯೋದಿಂದ ಇನ್ನೊಂದು, ಅಲ್ಲಿಂದ ಯಾವುದೋ ಹಳೇ ಪೇಪರ್. ಬೆಳಗಿನ ನಾಲ್ಕು ಗಂಟೆ ಹೊತ್ತಿಗೆ ಲೇಸರ್ ಬಗ್ಗೆ ಸಿಲೆಬಸ್‌ನಲ್ಲಿ ಇಲ್ಲದ್ದೆಲ್ಲ ನನಗೆ ಗೊತ್ತಿತ್ತು. ಉಳಿದ ನಾಲ್ಕು ಮಾಡ್ಯೂಲ್ ತೆರೆದೇ ಇರಲಿಲ್ಲ. ಲ್ಯಾಬ್ ರೆಕಾರ್ಡ್ ಪೂರ್ತಿ ಬರೆದಿದ್ದೆ, ಆದರೆ ಹನ್ನೆರಡು ದಿನ ಬ್ಯಾಗಿನಲ್ಲೇ ಹೊತ್ತುಕೊಂಡು ತಿರುಗಿ ಸಬ್ಮಿಟ್ ಮಾಡೋದು ಮರೆತಿದ್ದೆ.

ಕನ್ನಡ ಸಂಘದ ಗ್ರೂಪ್‌ನಲ್ಲಿ "ಮಾನಸಿಕ ಆರೋಗ್ಯದ ಬಗ್ಗೆ ಯಾರಾದ್ರೂ ಬರೀರಪ್ಪ, ಉಪದೇಶ ಮಾತ್ರ ಬೇಡ" ಅಂತ ಮೆಸೇಜ್ ಬಂದಾಗ ನಾನು ಹೆಬ್ಬೆಟ್ಟು ಒತ್ತಿದೆ. ಆಮೇಲೆ ಮೂರು ಡೆಡ್‌ಲೈನ್ ತಪ್ಪಿಸಿದೆ. ಕೊನೆಗೆ ಸಂಪಾದಕ ಅಕ್ಕ ಕ್ಯಾಂಟೀನಿನಲ್ಲಿ ಎದುರಿಗೆ ಕೂತು, "ನೀನು ಇದನ್ನ ಬರಿ, ನಾನು ನನ್ನ ಅಸೈನ್‌ಮೆಂಟ್ ಬರೀತೀನಿ" ಅಂದರು. ಅವರು ಏನೂ ಹೇಳಲಿಲ್ಲ, ಸುಮ್ಮನೆ ಕೂತಿದ್ದರು. ಅಷ್ಟಕ್ಕೇ ಇದು ಬರೆಯೋಕೆ ಆಯ್ತು. ಹೀಗೆ ಯಾಕಾಗುತ್ತೆ ಅಂತ ಮುಂದೆ ಹೇಳ್ತೀನಿ. ನಾನು ಒಂದನೇ ಕ್ಲಾಸಿಂದ ಇಂಗ್ಲಿಷ್ ಮೀಡಿಯಂ. ಸಾಂಸ್ಕೃತಿಕ ಕನ್ನಡ ಪೇಪರ್ ಪಾಸಾಗಿದ್ದೇನೆ ಅನ್ನೋದೊಂದೇ ನನ್ನ ಅರ್ಹತೆ. ಒತ್ತಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ನಮ್ಮ ಮನೆ ಕೌಜಲಗಿ. ಕೃಷ್ಣ ಪಾರಿಜಾತದ ಕೌಜಲಗಿ ನಿಂಗಮ್ಮನ ಊರು ಅಂದರೆ ಹಿರಿಯರಿಗೆ ತಟ್ಟನೆ ಗೊತ್ತಾಗುತ್ತೆ. ನಮ್ಮ ವಯಸ್ಸಿನವರಿಗೆ ಮೊದಲು ಕರದಂಟು ಅಂದು, ಗೋಕಾಕ ತೋರಿಸಿ, ಅಲ್ಲಿಂದ ಬಸ್ ಹತ್ತಿಸಬೇಕು. ಅಪ್ಪಂದು ಊರಲ್ಲಿ ಗೊಬ್ಬರ, ಬೀಜದ ಅಂಗಡಿ. ರಿಸಲ್ಟ್ ಬಂದ ದಿನ ಅಪ್ಪ ಫೋನಿನಲ್ಲಿ ಬೈಯಲಿಲ್ಲ. "ಶ್ಯಾಣ್ಯಾ ಅದೀ, ಮನಸ್ಸಿಟ್ಟ ಮಾಡಂಗಿಲ್ಲ, ಅಷ್ಟ" ಅಂದ. ಈ ಮಾತು ನನಗೆ ಹೊಸದಲ್ಲ. ನನ್ನ ಸ್ಕೂಲಿನ ಪ್ರತಿ ವರ್ಷದ ರಿಪೋರ್ಟ್ ಕಾರ್ಡಿನಲ್ಲೂ ಇದೇ ವಾಕ್ಯ ಇಂಗ್ಲಿಷಿನಲ್ಲಿದೆ. ಟೀಚರ್ ಬದಲಾದರು, ವಾಕ್ಯ ಬದಲಾಗಲಿಲ್ಲ.

ಅವ್ವನ ಒತ್ತಾಯಕ್ಕೆ ಒಬ್ಬರು ಕೌನ್ಸೆಲರ್ ಹತ್ತಿರ ಹೋದೆ. ಅವರು ಕೆಟ್ಟವರೇನಲ್ಲ. ಐದೂವರೆಗೆ ಏಳೋದರಿಂದ ಹಿಡಿದು ರಾತ್ರಿ ಹತ್ತಕ್ಕೆ ಮಲಗೋವರೆಗೆ ಟೈಮ್‌ಟೇಬಲ್ ಮಾಡಿ, ಲ್ಯಾಮಿನೇಟ್ ಮಾಡಿಸಿಕೊಟ್ಟರು. ಮಾತಾಡುವಾಗ ಕಣ್ಣಲ್ಲಿ ಕಣ್ಣಿಟ್ಟು ನೋಡು, ಕಾಲು ಅಲ್ಲಾಡಿಸಬೇಡ, ಮನಸ್ಸು ಗಟ್ಟಿ ಮಾಡು ಅಂದರು. ನಾನು ಅದನ್ನ ನಾಲ್ಕು ದಿನ ಪಾಲಿಸಿದೆ. ಐದನೇ ದಿನದಿಂದ ಸುಳ್ಳು ಹೇಳೋಕೆ ಶುರು ಮಾಡಿದೆ. "ಹೌದು ಸರ್, ದಿನಾ ಫಾಲೋ ಮಾಡ್ತಾ ಇದ್ದೀನಿ." ಅವರು ಖುಷಿಯಾದರು, ಅವ್ವ ಖುಷಿಯಾದಳು. ನಾನು ರೂಮಿಗೆ ಬಂದು ಆ ಲ್ಯಾಮಿನೇಟ್ ಹಾಳೆ ಮೇಲೆ ಚಪಾತಿ ಇಟ್ಟುಕೊಂಡು ತಿಂದೆ. ಸುಳ್ಳು ಹೇಳಿದ್ದಕ್ಕೆ ನಾಚಿಕೆ ಆಯ್ತು, ಆ ನಾಚಿಕೆಗೆ ಕ್ಲಾಸಿಗೆ ಹೋಗೋದೂ ಕಡಿಮೆ ಆಯ್ತು. ಮೂರನೇ ವಾರ ಅವರ ಹತ್ತಿರ ಹೋಗೋದನ್ನೇ ಬಿಟ್ಟೆ.

ಆಮೇಲೆ ಸೀನಿಯರ್ ಒಬ್ಬರು ಬೆಳಗಾವಿಯ ಒಬ್ಬ ಥೆರಪಿಸ್ಟ್ ನಂಬರ್ ಕೊಟ್ಟರು. ಅವರ ಹೆಸರು ಬರೆಯೋದಿಲ್ಲ, ಮೇಡಮ್ಮರು ಅಂತೀನಿ. ಧಾರವಾಡ ಕಡೆಯವರು. ಮೊದಲ ದಿನ ಅವರು ಕೇಳಿದ ಮೊದಲ ಪ್ರಶ್ನೆ, "ನಿಮಗ ನೀವು ಅನ್ಲೋ, ನೀನು ಅನ್ಲೋ?" ನಾನು "ನೀನು ಅನ್ರಿ" ಅಂದೆ. ಎರಡನೇದು, "ಈ ಟ್ಯೂಬ್‌ಲೈಟ್ ನಿನಗ ತ್ರಾಸ ಕೊಡ್ತೈತೇನು? ಹಂಗಿದ್ರ ಆರಸೂಣು." ಆ ಟ್ಯೂಬ್‌ಲೈಟು ಗುಂಯ್ ಅಂತಿತ್ತು. ಅದು ನನಗೊಬ್ಬನಿಗೇ ಕೇಳ್ತಿದೆ ಅಂದುಕೊಂಡಿದ್ದೆ. ಕುರ್ಚಿಗಳು ಎದುರುಬದುರು ಇರಲಿಲ್ಲ, ಎರಡೂ ಕಿಟಕಿ ಕಡೆ ಓರೆಯಾಗಿದ್ದವು. "ಕುಂದ್ರಬೇಕು ಅಂತೇನಿಲ್ಲ, ಅಡ್ಡಾಡಿಕೋಂತ ಮಾತಾಡಿದ್ರೂ ನಡೀತೈತಿ" ಅಂದರು. ನಾನು ಟೇಬಲ್ ಮೇಲಿದ್ದ ಪೆನ್ನು ಬಿಚ್ಚಿ ಸ್ಪ್ರಿಂಗ್ ತೆಗೆದು ಎಲ್ಲಿಗೋ ಹಾರಿಸಿದೆ. ಅವರು ಇನ್ನೊಂದು ಪೆನ್ನು ಕೊಟ್ಟರು.

ಯಾಕೆ ಓದಲಿಲ್ಲ ಅಂತ ಅವರು ಕೇಳಲಿಲ್ಲ. "ಆ ರಾತ್ರಿ ಲೇಸರ್ ಓದೂವಾಗ ಹೆಂಗನಸ್ತಿತ್ತು?" ಅಂತ ಕೇಳಿದರು. ನಾನು ಇಪ್ಪತ್ತು ನಿಮಿಷ ಲೇಸರ್ ಬಗ್ಗೆ ಮಾತಾಡಿದೆ. ಅವರು ನಡುವೆ ಒಂದು ಡೌಟ್ ಬೇರೆ ಕೇಳಿದರು. ವಾಪಸ್ ಬರುವಾಗ ಆಟೋದಲ್ಲಿ ಅಳು ಬಂತು. ಒಂದು ವರ್ಷದಿಂದ ನಾನು ಎಲ್ಲರ ಹತ್ತಿರ ಮಾಡದೇ ಇದ್ದದ್ದರ ಬಗ್ಗೆಯಷ್ಟೇ ಮಾತಾಡಿದ್ದೆ ಅಂತ ಆಗ ಗೊತ್ತಾಯ್ತು.

ಅವರೇ ಒಬ್ಬ ಸೈಕಿಯಾಟ್ರಿಸ್ಟ್ ಹತ್ತಿರ ಕಳಿಸಿದರು. ಫೋನಿನಲ್ಲಿ ಕ್ವಿಜ್ ಮಾಡಿ "ನಂಗೂ ಎಡಿಎಚ್‌ಡಿ" ಅನ್ನೋರು ನಮ್ಮ ಹಾಸ್ಟೆಲ್‌ನಲ್ಲೇ ಹತ್ತು ಜನ ಇದ್ದಾರೆ, ನಾನೂ ಮಾಡಿದ್ದೆ. ನಿಜವಾದ ಪರೀಕ್ಷೆ ಹಾಗಿರೋದಿಲ್ಲ. 2013ರಲ್ಲಿ ಬಂದ ಡಿಎಸ್‌ಎಂ-5 ಪ್ರಕಾರ ಲಕ್ಷಣಗಳು ಹನ್ನೆರಡು ವರ್ಷದ ಒಳಗೇ ಕಂಡಿರಬೇಕು, ಒಂದಕ್ಕಿಂತ ಹೆಚ್ಚು ಕಡೆ ಕಾಣಬೇಕು, ಬದುಕಿಗೆ ತೊಂದರೆ ಆಗಿರಬೇಕು. ಹಳೇ ರಿಪೋರ್ಟ್ ಕಾರ್ಡ್ ತರಿಸಿದರು, ಅವ್ವನ ಹತ್ತಿರ ಒಂದು ತಾಸು ಮಾತಾಡಿದರು. ಕೊನೆಗೆ ಹೌದು, ಎಡಿಎಚ್‌ಡಿ ಅಂದರು. ಮಾತ್ರೆಯೂ ಶುರುವಾಯ್ತು. ಮೇಡಮ್ಮರು ಮಾತ್ರೆ ಬರೆಯೋ ಹಾಗಿಲ್ಲ, ಅವರು ವೈದ್ಯರಲ್ಲ. ಆದರೆ ಮಾತ್ರೆ ಬೇಡ ಅಂತಲೂ ಅನ್ನಲಿಲ್ಲ.

ಇನ್ನು ಆ ದೊಡ್ಡ ಶಬ್ದ. ತಾವು ಕೆಲಸ ಮಾಡೋ ರೀತಿಗೆ ನ್ಯೂರೋಡೈವರ್ಸಿಟಿಯನ್ನು ಒಪ್ಪಿ, ಸಂಬಂಧದ ಮೇಲೆ ನಿಂತ ಥೆರಪಿ ಅಂತಾರೆ ಅಂದರು. ನಾನು ಮುಖ ಮಾಡಿದೆ. ಅವರು ನಕ್ಕು, "ಹೆಸರು ಭಾಳ ಉದ್ದ ಆತು, ಹೌದಲ್ಲ" ಅಂದರು.

ಹಾಸ್ಟೆಲಿಗೆ ಬಂದು ಓದಿದೆ. ಎಲ್ಲರ ಮಿದುಳೂ ಒಂದೇ ಥರ ಕೆಲಸ ಮಾಡೋದಿಲ್ಲ, ಆಟಿಸಂ, ಎಡಿಎಚ್‌ಡಿ, ಡಿಸ್ಲೆಕ್ಸಿಯಾ ಇವೆಲ್ಲ ಮನುಷ್ಯರಲ್ಲಿರೋ ವೈವಿಧ್ಯದ ಭಾಗ ಅನ್ನೋ ಯೋಚನೆ 90ರ ದಶಕದಲ್ಲಿ ಆಟಿಸಂ ಇದ್ದವರು ತಮ್ಮೊಳಗೇ ಮಾತಾಡಿಕೊಳ್ತಾ ಬೆಳೆಸಿದ್ದು. 1993ರಲ್ಲಿ ಜಿಮ್ ಸಿಂಕ್ಲೇರ್ ಅನ್ನೋರು ಆಟಿಸಂ ಇರೋ ಮಕ್ಕಳ ತಂದೆತಾಯಿಗೆ, ನಮ್ಮನ್ನು ನೋಡಿ ಸತ್ತವರಿಗೆ ಅತ್ತ ಹಾಗೆ ಅಳಬೇಡಿ ಅನ್ನೋ ಅರ್ಥದ ಒಂದು ಬರಹ ಬರೆದರು. 1998ರಲ್ಲಿ ಆಸ್ಟ್ರೇಲಿಯಾದ ಜೂಡಿ ಸಿಂಗರ್ ತಮ್ಮ ಪ್ರಬಂಧದಲ್ಲಿ ಈ ಶಬ್ದ ಬಳಸಿದರು. ಅಂದರೆ ಈ ಮಾತು ಡಾಕ್ಟರ್ ರೂಮಿನಿಂದ ಹೊರಗೆ ಬಂದದ್ದಲ್ಲ, ಹೊರಗಿನಿಂದ ಡಾಕ್ಟರ್ ರೂಮಿಗೆ ಹೋದದ್ದು.

ಸಂಬಂಧದ ಮಾತು ಇನ್ನೂ ಹಳೇದು. ಥೆರಪಿಸ್ಟ್ ಎದುರಿಗಿನವರನ್ನು ಷರತ್ತಿಲ್ಲದೆ ಒಪ್ಪಬೇಕು, ಒಪ್ಪಿದ ಹಾಗೆ ನಟಿಸಬಾರದು ಅಂತ ಕಾರ್ಲ್ ರೋಜರ್ಸ್ 1957ರಲ್ಲೇ ಬರೆದಿದ್ದರು. 1979ರಲ್ಲಿ ಬೋರ್ಡಿನ್ ಅನ್ನೋರು ಅದನ್ನ ಮೂರು ತುಂಡು ಮಾಡಿದರು. ಗುರಿ ಏನು ಅಂತ ಇಬ್ಬರೂ ಒಪ್ಪಿರಬೇಕು, ಮಾಡೋ ಕೆಲಸ ಇಬ್ಬರೂ ಒಪ್ಪಿರಬೇಕು, ನಡುವೆ ನಂಬಿಕೆ ಇರಬೇಕು. ನಾವು ಇಂಜಿನಿಯರ್‌ಗಳು, ನಂಬರ್ ಕೇಳ್ತೀವಿ. 2018ರಲ್ಲಿ 295 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಈ ಸಂಬಂಧಕ್ಕೂ ಥೆರಪಿಯ ಫಲಿತಾಂಶಕ್ಕೂ ಇರೋ ಕೋರಿಲೇಶನ್ ಸುಮಾರು 0.28 ಬಂತು. ಸ್ಕ್ವೇರ್ ಮಾಡಿದರೆ ಸುಮಾರು ಎಂಟು ಪರ್ಸೆಂಟ್. "ಇಷ್ಟೇನಾ ಮೇಡಂ?" ಅಂತ ಕೇಳಿದೆ. "ಇಷ್ಟ. ಆದ್ರ ಇದು ಹೆಚ್ಚುಕಡಿಮಿ ಎಲ್ಲಾ ನಮೂನಿ ಥೆರಪಿಯೊಳಗೂ ಸಿಗತೈತಿ. ನಿನ್ನ ಪರೀಕ್ಷೆಯೊಳಗ ಎಂಟು ಮಾರ್ಕ್ಸ್ ಹೆಚ್ಚಿಗಿ ಬಂದ್ರ ಬ್ಯಾಡ ಅಂತೀಯೇನು?" ಅಂದರು. ನನ್ನ ಮ್ಯಾಥ್ಸ್ ಬ್ಯಾಕ್ ಹೋಗಿದ್ದು ಆರು ಮಾರ್ಕ್ಸಿಗೆ. ಸುಮ್ಮನಾದೆ.

ಓದಿದ್ದು ಒಂದಾದರೆ, ಅರ್ಥ ಆಗಿದ್ದು ನಾಲ್ಕನೇ ಭೇಟಿ ತಪ್ಪಿಸಿದಾಗ. ಮರೆತೇಬಿಟ್ಟಿದ್ದೆ. ಅದರ ಮೇಲೆ ಇನ್ನೊಂದು ಕಿತಾಪತಿ. ಅವರೊಂದು ಪ್ಲಾನರ್ ತುಂಬೋಕೆ ಹೇಳಿದ್ದರು, ನಾನು ಒಂದು ದಿನವೂ ತುಂಬಿರಲಿಲ್ಲ. ಮುಂದಿನ ವಾರ ಹೋಗೋ ಮೊದಲು ಬಸ್‌ಸ್ಟ್ಯಾಂಡಿನಲ್ಲಿ ಕೂತು ಹದಿನಾಲ್ಕು ದಿನದ್ದು ಒಟ್ಟಿಗೇ ತುಂಬಿದೆ, ಬೇರೆ ಬೇರೆ ಪೆನ್ನಿನಲ್ಲಿ! ಅವರು ಅದನ್ನ ನೋಡಿದರು. ನನಗೆ ಗೊತ್ತಾಯ್ತು, ಅವರಿಗೆ ಗೊತ್ತಾಗಿದೆ ಅಂತ. ಬೈಗುಳಕ್ಕೆ ರೆಡಿಯಾದೆ.

ಅವರು ಸ್ವಲ್ಪ ಹೊತ್ತು ಬಿಟ್ಟು ಅಂದರು: "ಇದು ನನಗ ಹೊಂದಂಗಿಲ್ಲ ಅಂತ ಹೇಳಾಕ ನಿನಗ ಅಂಜಿಕಿ ಆಗೇತಿ. ಅಷ್ಟ ಅಂಜೂ ಹಂಗ ನಾ ಏನ್ ಮಾಡಿದೆ, ಅದನ್ನ ನೋಡೂಣು."

ನನ್ನ ಹತ್ತೊಂಬತ್ತು ವರ್ಷದಲ್ಲಿ ನಾನು ಹೇಳಿದ ಸುಳ್ಳಿಗೆ ಎದುರಿಗಿನವರು ತಮ್ಮ ಕಡೆಯ ಪಾಲು ಹುಡುಕಿದ್ದು ಅದೇ ಮೊದಲು. ಆಮೇಲೆ ಒಂದು ತಾಸು ಪ್ಲಾನರ್ ಯಾಕೆ ಆಗಲಿಲ್ಲ ಅಂತ ಇಬ್ಬರೂ ಸೇರಿ, ಸರ್ಕ್ಯೂಟ್‌ನಲ್ಲಿ ಫಾಲ್ಟ್ ಹುಡುಕಿದ ಹಾಗೆ ಹುಡುಕಿದೆವು. ಪ್ಲಾನರ್ ಮುಚ್ಚಿದರೆ ನನ್ನ ಪಾಲಿಗೆ ಅದು ಇಲ್ಲವೇ ಇಲ್ಲ, ಕಣ್ಣಿಗೆ ಕಾಣದ್ದು ತಲೆಯಲ್ಲಿ ಇರೋದಿಲ್ಲ. ಹಾಗಾಗಿ ರೂಮಿನ ಬಾಗಿಲಿಗೆ ವೈಟ್‌ಬೋರ್ಡ್ ಬಂತು. ರೆಕಾರ್ಡ್ ಸಬ್ಮಿಟ್ ಮಾಡೋದನ್ನ ಲ್ಯಾಬ್ ಪಾರ್ಟ್ನರ್ ಜೊತೆಗೇ ಮಾಡೋದು ಅಂತಾಯ್ತು. ಭೇಟಿಗೆ ಒಂದು ತಾಸು ಮೊದಲು ಅವರ ಕಡೆಯಿಂದ ಮೆಸೇಜ್ ಬರೋದು ಅಂತಾಯ್ತು. ಮತ್ತೆ ಓದುವಾಗ ಯಾರಾದರೂ ಪಕ್ಕ ಸುಮ್ಮನೆ ಕೂತು ತಮ್ಮ ಕೆಲಸ ಮಾಡ್ತಿದ್ದರೆ ನನ್ನ ಕೆಲಸವೂ ಸಾಗುತ್ತೆ ಅನ್ನೋದು ಗೊತ್ತಾಯ್ತು. ಇದಕ್ಕೆ ಬಾಡಿ ಡಬ್ಲಿಂಗ್ ಅಂತಾರಂತೆ. ಸಂಪಾದಕ ಅಕ್ಕ ಕ್ಯಾಂಟೀನಿನಲ್ಲಿ ಗೊತ್ತಿಲ್ಲದೇ ಮಾಡಿದ್ದು ಅದನ್ನೇ.

ಇದೆಲ್ಲ ಕೇಳಿ ರೂಮ್‌ಮೇಟ್ ಅಂದ, "ಅಂದ್ರ ನಿನ್ನ ತಪ್ಪೇ ಇಲ್ಲ, ಎಲ್ಲಾ ಮಿದುಳಿಂದು?" ಒಳ್ಳೇ ಪ್ರಶ್ನೆ. ಮೇಡಮ್ಮರು ಹಾಗೆ ಹೇಳೋದಿಲ್ಲ. ಬ್ಯಾಕ್ ನಂದೇ, ಕಟ್ಟಬೇಕಾದವನೂ ನಾನೇ. ಕಷ್ಟ ಇರೋದು ನಿಜ, ಆದರೆ ಕಷ್ಟದ ಮೇಲೆ ನಾಚಿಕೆಯನ್ನೂ ಹೊತ್ತುಕೊಂಡರೆ ನಡೆಯೋಕೇ ಆಗೋದಿಲ್ಲ, ಅದನ್ನು ಕೆಳಗಿಡೋದು ಮೊದಲ ಕೆಲಸ ಅಂತಾರೆ. ಈ ವಾದಕ್ಕೂ ಮಿತಿ ಇದೆ. ಮಾತೇ ಬಾರದ, ದಿನವಿಡೀ ಯಾರಾದರೂ ಜೊತೆಗಿರಲೇಬೇಕಾದ ಮಕ್ಕಳ ಮನೆಯವರಿಗೆ "ವೈವಿಧ್ಯ" ಅನ್ನೋ ಒಂದು ಮಾತು ಸಾಕಾಗೋದಿಲ್ಲ, ಅವರಿಗೆ ಕೈಯಾಸರೆ ಬೇಕು, ದುಡ್ಡು ಬೇಕು, ಬಿಡುವು ಬೇಕು. ಅದನ್ನೂ ಅವರೇ ಹೇಳಿದರು.

ಒಂದು ದಿನ ಅವರು ಕೇಳಿದರು, "ನಿಮ್ಮ ಮನ್ಯಾಗ ನಿನ್ನಂಗ ಮತ್ತ್ಯಾರರ ಅದಾರೇನು?"

ನಾನು ಥಟ್ಟನೆ "ಇಲ್ರಿ" ಅಂದೆ. ಬಸ್ಸಿನಲ್ಲಿ ವಾಪಸ್ ಬರುವಾಗ ಕಾಕಾ ನೆನಪಾದ.

ಕಾಕಾ ಅಂದರೆ ಅಪ್ಪನ ತಮ್ಮ. ಮದುವೆ ಆಗಿಲ್ಲ, ನಮ್ಮ ಜೊತೆಗೇ ಇದ್ದಾನೆ. ಅಂಗಡಿಯಲ್ಲಿ ಯೂರಿಯಾ ಎಷ್ಟು ಚೀಲ, ಡಿಎಪಿ ಎಷ್ಟು ಚೀಲ, ಯಾವ ದಿನ ಯಾರು ಎಷ್ಟು ಒಯ್ದರು, ಬುಕ್ ನೋಡದೆ ಹೇಳ್ತಾನೆ. ಕೌಜಲಗಿಗೆ ಬರೋ ಹೋಗೋ ಬಸ್ಸೆಲ್ಲ ಅವನಿಗೆ ಬಾಯಿಪಾಠ. ಗೋಕಾಕದ್ದು, ಮೂಡಲಗಿಯದು, ಯಾದವಾಡದ್ದು, ಯರಗಟ್ಟಿಯದು. ಪಾರಿಜಾತ ಆಟ ಇದ್ದರೆ ರಾತ್ರಿಯಿಡೀ ಮೈಕಿನಿಂದ ದೂರ, ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ನಿಂತಿರ್ತಾನೆ. ಆದರೂ ಮನೆಗೆ ಹೋಗೋದಿಲ್ಲ. ಮರುದಿನ ಸತ್ಯಭಾಮೆ, ಕೃಷ್ಣ, ದೂತಿ ಎಲ್ಲರ ಮಾತೂ ಒಂದೇ ದನಿಯಲ್ಲಿ ಪೂರ್ತಿ ಹೇಳ್ತಾನೆ. ಮಾತಾಡುವಾಗ ನಮ್ಮ ಭುಜದ ಮೇಲಿಂದ ಎಲ್ಲೋ ನೋಡ್ತಾನೆ.

ನಮ್ಮ ಆಯಿ ಅವನಿಗೆ ಬೇರೆ ತಾಟು ಇಟ್ಟಿದ್ದಳು, ಪಲ್ಯ ರೊಟ್ಟಿಗೆ ತಾಗಬಾರದು. ಗಣಪತಿ ಮೆರವಣಿಗೆಯ ದಿನ ಅವನನ್ನು ಹೊಲದ ಮನೆಗೆ ಕಳಿಸ್ತಿದ್ದಳು. ಅಂಗಿ ಹೊಸದಾದರೆ ಹತ್ತು ಸಲ ಒಗೆದು ಮೆತ್ತಗೆ ಮಾಡಿ ಕೊಡ್ತಿದ್ದಳು. ಮೇಡಮ್ಮರು ಟ್ಯೂಬ್‌ಲೈಟ್ ಆರಿಸಿದ್ದೂ ಇದೂ ಒಂದೇ ಅಲ್ವಾ ಅನ್ನಿಸಿತು. ಆದರೆ ಇದನ್ನ ಓದಿ "ಹಳ್ಳಿಯಲ್ಲಿ ಎಲ್ಲ ಎಷ್ಟು ಚೆಂದ" ಅಂದುಕೋಬೇಡಿ. ಅದೇ ಆಯಿ ಅವನಿಗೆ ತಾಯಿತ ಕಟ್ಟಿಸಿದ್ದಳು, ಕಂಡ ದೇವರಿಗೆಲ್ಲ ಕರಕೊಂಡು ಹೋಗಿದ್ದಳು. ಊರಿನ ಹುಡುಗರು ಅವನನ್ನು ಹುಚ್ಚ ಅಂತಿದ್ದರು. ನಾನೂ ಒಂದು ತಪ್ಪು ಮಾಡಿದ್ದೇನೆ, ಅದನ್ನ ಹೇಳೋಕೇ ಇಷ್ಟು ಬರೆದೆ.

ಎಂಟನೇ ಕ್ಲಾಸಿಗೆ ನನ್ನನ್ನು ಗೋಕಾಕದ ಇಂಗ್ಲಿಷ್ ಮೀಡಿಯಂ ಸ್ಕೂಲಿನ ಹಾಸ್ಟೆಲಿಗೆ ಹಾಕಿದರು. ಪ್ರತಿ ಶನಿವಾರ ಕಾಕಾ ಬಸ್ಸಿನಲ್ಲಿ ಡಬ್ಬಿ ತರ್ತಿದ್ದ. ಕಟಕ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಒಮ್ಮೊಮ್ಮೆ ಮಾದಲಿ. ಗೇಟಿನ ಹತ್ತಿರ ಅದೇ ಜಾಗದಲ್ಲಿ ನಿಲ್ತಿದ್ದ. ಒಂದು ಶನಿವಾರ ನನ್ನ ಕ್ಲಾಸ್‌ಮೇಟ್ಸ್ ಜೊತೆಗಿದ್ದರು. ಕಾಕಾ ಡಬ್ಬಿ ಕೊಟ್ಟು, ಯಾರ ಮುಖವನ್ನೂ ನೋಡದೆ, ಆ ಹೊತ್ತಿಗೆ ಗೋಕಾಕದಿಂದ ಹೊರಡೋ ಬಸ್ಸುಗಳನ್ನೆಲ್ಲ ಒಂದೊಂದಾಗಿ ಹೇಳೋಕೆ ಶುರು ಮಾಡಿದ. ಹುಡುಗರು ನಕ್ಕರು. ಒಬ್ಬ ಇಂಗ್ಲಿಷಿನಲ್ಲಿ ಕೇಳಿದ, ಇವರು ಯಾರು? ನಾನು ಕನ್ನಡದಲ್ಲೇ ಅಂದೆ, "ಯಾರೂ ಅಲ್ಲ, ನಮ್ಮ ಓಣ್ಯಾವಾ."

ಮುಂದಿನ ಶನಿವಾರ ಡಬ್ಬಿ ಬಂತು, ಕಾಕಾ ಬರಲಿಲ್ಲ. ಕಂಡಕ್ಟರ್ ಕೈಯಲ್ಲಿ ಕಳಿಸಿದ್ದ. ಆಮೇಲೆ ಯಾವತ್ತೂ ಬರಲಿಲ್ಲ. ನಾನು ಅದನ್ನ ತಲೆಗೆ ಹಚ್ಚಿಕೊಳ್ಳಲಿಲ್ಲ. ಅವನಿಗೆ ಅದೆಲ್ಲ ತಿಳಿಯೋದಿಲ್ಲ ಅಂದುಕೊಂಡೆ.

ಇದನ್ನ ಮೇಡಮ್ಮರಿಗೆ ಹೇಳಿದೆ. ಕಾಕಾನಿಗೆ ಆಟಿಸಂ ಇದೆಯಾ ಅಂತ ಕೇಳಿದೆ. "ನಾ ನೋಡದವರ ಬಗ್ಗೆ ನಾ ಹೇಳಬಾರದು" ಅಂದರು. ಆದರೆ ಒಂದು ಓದೋಕೆ ಕೊಟ್ಟರು. 2012ರಲ್ಲಿ ಡೇಮಿಯನ್ ಮಿಲ್ಟನ್, ಅವರಿಗೇ ಆಟಿಸಂ ಇದೆ, ಹೇಳಿದ ಮಾತು. ಆಟಿಸಂ ಇದ್ದವರಿಗೆ ಬೇರೆಯವರ ಮನಸ್ಸು ತಿಳಿಯೋದಿಲ್ಲ ಅಂತಾರೆ, ಬೇರೆಯವರಿಗೆ ಅವರ ಮನಸ್ಸು ಎಲ್ಲಿ ತಿಳಿಯುತ್ತೆ? ತೊಂದರೆ ಇಬ್ಬರ ನಡುವೆ ಇದೆ, ಒಬ್ಬರ ತಲೆಯೊಳಗಲ್ಲ ಅಂತ ಅವರ ವಾದ. 2020ರಲ್ಲಿ ಎಡಿನ್‌ಬರಾದ ಕೆಲವರು ಇದನ್ನ ಒಂದು ಆಟದಿಂದ ಪರೀಕ್ಷಿಸಿದರು. ನಾವು ಚಿಕ್ಕವರಿದ್ದಾಗ ಸಾಲಾಗಿ ಕೂತು ಕಿವಿಯಲ್ಲಿ ಒಂದು ಮಾತು ದಾಟಿಸ್ತಿದ್ದೆವಲ್ಲ, ಹಾಗೆ ಒಂದು ಕಥೆ ದಾಟಿಸೋದು. ಬರೀ ಆಟಿಸಂ ಇದ್ದವರ ಸಾಲು, ಇಲ್ಲದವರ ಸಾಲಿನಷ್ಟೇ ಚೆನ್ನಾಗಿ ಕಥೆ ದಾಟಿಸಿತು. ಎರಡೂ ಬೆರೆತ ಸಾಲಿನಲ್ಲಿ ಹೆಚ್ಚು ಸೋರಿತು. ಆಮೇಲೆ ನಡೆದ ಇನ್ನೂ ದೊಡ್ಡ ಪ್ರಯೋಗದಲ್ಲಿ ಬೆರೆತ ಸಾಲಿನ ಸೋರಿಕೆ ಕಾಣಲಿಲ್ಲ, ಆದರೆ ಆಟಿಸಂ ಇದ್ದವರು ಕಡಿಮೆ ಅಂತಲೂ ಕಾಣಲಿಲ್ಲ.

ಸ್ವಲ್ಪ ದಿನಕ್ಕೆ ಮೇಡಮ್ಮರು, ನೀನು ಒಪ್ಪಿದರೆ ಅಪ್ಪನನ್ನೂ ಒಮ್ಮೆ ಕರಿ ಅಂದರು. ಇದೇನೂ ಹೊರಗಿನಿಂದ ತಂದ ಹೊಸ ಪದ್ಧತಿಯಲ್ಲ. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅನ್ನೋರು ಆವರಣದಲ್ಲಿ ಟೆಂಟ್ ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಇರಿಸಿಕೊಂಡಿದ್ದರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬದ ಜೊತೆ ಕೆಲಸ ಮಾಡೋಕೆ ಅಂತಲೇ ಫ್ಯಾಮಿಲಿ ಸೈಕಿಯಾಟ್ರಿ ಕೇಂದ್ರ ಇದೆ. ಆದರೂ ಅಪ್ಪ ಬರ್ತಾನೆ ಅನ್ನೋ ನಂಬಿಕೆ ನನಗಿರಲಿಲ್ಲ. ಅಂಗಡಿ ಮುಚ್ಚಿ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಪ್ರಿನ್ಸಿಪಾಲ್ ಎದುರು ಕೂತ ಹಾಗೆ ಕುರ್ಚಿ ತುದಿಯಲ್ಲಿ ಕೂತ.

ಮೇಡಮ್ಮರು ನನ್ನ ಬಗ್ಗೆ ಕೇಳಿದರು. ಅಪ್ಪ ಸ್ವಲ್ಪ ಹೊತ್ತು ನನ್ನ ಬಗ್ಗೆ ಹೇಳಿ, ಆಮೇಲೆ ತನ್ನಷ್ಟಕ್ಕೆ ತಮ್ಮನ ಬಗ್ಗೆ ಶುರು ಮಾಡಿದ. ಸಣ್ಣವನಿದ್ದಾಗ ಸಾಲಿಯಲ್ಲಿ ಹೊಡೆದರು ಅಂತ, ಬಿಡಿಸಿದರು ಅಂತ. ಇಪ್ಪತ್ತು ವರ್ಷದವನಿದ್ದಾಗ ಯಾವುದೋ ಊರಿಗೆ ಕರಕೊಂಡು ಹೋಗಿ ಮೂರು ದಿನ ಕಟ್ಟಿ ಹಾಕಿಸಿದ್ದರಂತೆ. "ನಾನ ಹಿಡಕೊಂಡು ಹೋಗಿದ್ದೆ ಮೇಡಮ್ಮರ. ಅಂವಾ ಇವತ್ತಿಗೂ ಆ ಊರ ಬಸ್ಸಿಂದು ಹೆಸರ ತಗಿಯಂಗಿಲ್ಲ." ನನಗೆ ಇದು ಗೊತ್ತೇ ಇರಲಿಲ್ಲ. ಆಮೇಲೆ ಅಪ್ಪ ನನ್ನ ಕಡೆ ತಿರುಗಿ ಹೇಳಿದ, "ನೀ ಹಾಸ್ಟೆಲ್‌ನಾಗ ಇದ್ದಾಗ ಒಂದ ಶನಿವಾರ ಬಂದು ಆಯಿ ಮುಂದ ಅಂದಾ, ಅಂವಾ ನನಗ ಓಣ್ಯಾವಾ ಅಂದಾ. ಅಷ್ಟ ಅಂದು ಉಣಲಾರದ ಮಲಗಿದಾ. ನಿನಗ ಹೇಳಬ್ಯಾಡಾ ಅಂದಳು ಆಯಿ, ಹುಡುಗ ನೊಂದಕೋತೈತಿ ಅಂತ."

ಆ ರೂಮಿನಲ್ಲಿ ಯಾರೂ ಮಾತಾಡಲಿಲ್ಲ. ಮೇಡಮ್ಮರೂ ಏನೂ ಹೇಳಲಿಲ್ಲ. ಸಮಾಧಾನ ಹೇಳಿದ್ದರೆ ನನಗೆ ಸಿಟ್ಟು ಬರ್ತಿತ್ತು.

ದೀಪಾವಳಿಗೆ ಊರಿಗೆ ಹೋದೆ. ಆಯಿ ಈಗಿಲ್ಲ. ಕಾಕಾ ಅಂಗಡಿ ಕಟ್ಟೆ ಮೇಲೆ ಕೂತಿದ್ದ. ಪಟಾಕಿ ಶಬ್ದಕ್ಕೆ ಅವನು ಅವತ್ತು ಹೊಲದ ಮನೆಗೆ ಹೋಗಬೇಕಿತ್ತು. ನಾನೂ ಬರ್ತೀನಿ ಅಂದೆ. ಅಲ್ಲಿ ಎದುರಿಗೆ ಕೂರದೆ ಪಕ್ಕದಲ್ಲಿ ಕೂತೆ, ಇಬ್ಬರೂ ಕಬ್ಬಿನ ಕಡೆ ನೋಡ್ತಾ. ಅವನ ಮುಖ ನೋಡದೇ ಮಾತಾಡೋದು ನನಗೂ ಸುಲಭ ಅನ್ನಿಸಿತು. ಬಹಳ ಹೊತ್ತಾದ ಮೇಲೆ ಅಂದೆ, "ಕಾಕಾ, ಅವತ್ತ ಸಾಲಿ ಮುಂದ ನಾ ನಿನಗ ಓಣ್ಯಾವಾ ಅಂದೆ. ತಪ್ಪಾತು."

ಕಾಕಾ ಕಬ್ಬು ನೋಡ್ತಾನೇ ಅಂದ, "ಆ ಡಬ್ಬಿ ಮುಚ್ಚಳ ವಾಪಸ್ ಬಂದಿಲ್ಲ."

ನನಗೆ ಮೊದಲು ನಗು ಬಂತು. ಆಮೇಲೆ ಹೊಳೆಯಿತು. ಆರು ವರ್ಷದಿಂದ ಅವನ ಲೆಕ್ಕದಲ್ಲಿ ಒಂದು ಮುಚ್ಚಳ ಬಾಕಿ ಇದೆ. ಕ್ಷಮೆ ಕೇಳೋದು ನನ್ನ ಭಾಷೆ, ಮುಚ್ಚಳ ಅವನ ಭಾಷೆ. ಮರುದಿನ ಗೋಕಾಕಕ್ಕೆ ಹೋಗಿ ಅದೇ ಅಳತೆಯ ಹೊಸ ಸ್ಟೀಲ್ ಮುಚ್ಚಳ ತಂದೆ. ಕೈಯಲ್ಲಿ ಹಿಡಿದು, "ಇದು ಅದರದಲ್ಲ" ಅಂದ. ಸರಿ ಅಂತ ಇಬ್ಬರೂ ಸೇರಿ ಅಟ್ಟದ ಮೇಲಿನ ನನ್ನ ಹಾಸ್ಟೆಲ್ ಟ್ರಂಕ್ ಇಳಿಸಿದೆವು. ಎರಡು ತಾಸು ಹುಡುಕಿದೆವು. ತಳದಲ್ಲಿ, ತುಕ್ಕು ಹಿಡಿದ ಕಂಪಾಸ್ ಬಾಕ್ಸ್ ಕೆಳಗೆ ಸಿಕ್ಕಿತು. ಕಾಕಾ ತೊಳೆದು, ಒರೆಸಿ, ಡಬ್ಬಿಗೆ ಹಾಕಿ ನೋಡಿದ. ಕೂತಿತು. ಏನೂ ಅನ್ನಲಿಲ್ಲ. ರಾತ್ರಿ ಊಟಕ್ಕೆ ಕೂತಾಗ, ಬೆಳಗಾವಿ ಬಸ್ ಗೋಕಾಕ ಸ್ಟ್ಯಾಂಡಿನಲ್ಲಿ ಎಷ್ಟನೇ ಪ್ಲಾಟ್‌ಫಾರ್ಮಿಗೆ ಹಚ್ಚುತಾರೆ ಅಂತ ಕೇಳಿದ. ಅವನಿಗೆ ಗೊತ್ತಿಲ್ಲದ ಬಸ್ಸಿಲ್ಲ, ಆದರೂ ಕೇಳಿದ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಓದಿದವರಲ್ಲಿ ಒಬ್ಬಿಬ್ಬರಿಗಾದರೂ ಬೇಕಾದೀತು ಅಂತ ಕೆಲವು ವಿಷಯ ಬರೀತೀನಿ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಸಿಗುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅಕ್ಟೋಬರ್ 2022ರಲ್ಲಿ ಶುರುವಾದದ್ದು. ನಮ್ಮ ರಾಜ್ಯದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ಆರೋಗ್ಯದ ಕ್ಲಿನಿಕ್ ನಡೆಸೋ ಮನೋಚೈತನ್ಯ ಅನ್ನೋ ಕಾರ್ಯಕ್ರಮ ಇದೆ, ವಿಚಾರಿಸಿ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳಿಕೊಳ್ಳೋರಿಗೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ಇರಬೇಕು, ಕೇಳೋಕೆ ಸಂಕೋಚ ಬೇಡ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಮತ್ತು ಕಲಿಕಾ ನ್ಯೂನತೆ ಇವೆ, ಎಡಿಎಚ್‌ಡಿ ಹೆಸರು ಅಲ್ಲಿಲ್ಲ. ಮತ್ತೆ ಯಾರ ಹತ್ತಿರ ಹೋದರೂ, ಅವರು ಕೊಟ್ಟ ಉಪಾಯ ನಿಮಗೆ ಹೊಂದದಿದ್ದರೆ ಅದನ್ನ ಅವರ ಎದುರಿಗೇ ಹೇಳಿ ನೋಡಿ. ಅವರು ಆಗ ಏನು ಮಾಡ್ತಾರೆ ಅನ್ನೋದರಲ್ಲೇ ಬಹಳಷ್ಟು ಗೊತ್ತಾಗುತ್ತೆ. ನಾನು ಮೊದಲನೇ ಕೌನ್ಸೆಲರ್‌ಗೆ ಹೇಳಲೇ ಇಲ್ಲ. ಹೇಳಿದ್ದರೆ ಅವರೂ ಬದಲಾಯಿಸ್ತಿದ್ದರೋ ಏನೋ.

ಫಿಸಿಕ್ಸ್ ಕ್ಲಿಯರ್ ಆಯ್ತು. ಮ್ಯಾಥ್ಸ್ ಇನ್ನೂ ಬಾಕಿ. ಸಂಜೆ ಲೈಬ್ರರಿಯಲ್ಲಿ ಆರು ಜನ ಒಂದೇ ಟೇಬಲ್‌ಗೆ ಸುಮ್ಮನೆ ಕೂತು ಓದ್ತೀವಿ, ಮಾತಿಲ್ಲ. ಬರೋರು ಬನ್ನಿ, ಯಾರಿಗೂ ಸರ್ಟಿಫಿಕೇಟ್ ಕೇಳೋದಿಲ್ಲ.

ಇದನ್ನ ಬರೀಲಾ ಅಂತ ಅಪ್ಪನನ್ನೂ ಕಾಕಾನನ್ನೂ ಕೇಳಿದ್ದೇನೆ. ಅಪ್ಪ "ಬರಿ, ಹೆಸರ ಬ್ಯಾಡ" ಅಂದ. ಕಾಕಾ "ಬಸ್ ಟೈಮ್ ತಪ್ಪ ಬರೀಬ್ಯಾಡ" ಅಂದ. ಅದಕ್ಕೇ ಈ ಲೇಖನದಲ್ಲಿ ಒಂದೂ ಬಸ್ ಟೈಮ್ ಇಲ್ಲ.

ಯಾವುದಾದರೂ ಒಂದು ಶನಿವಾರ ಬರ್ತೀನಿ ಅಂದಿದ್ದಾನೆ. ಎರಡು ಬಸ್ ಬದಲಾಯಿಸಬೇಕು, ಗದ್ದಲ ಜಾಸ್ತಿ, ಬಂದೇ ಬರ್ತಾನೆ ಅಂತ ಹೇಳೋಕಾಗಲ್ಲ. ಕ್ಯಾಂಪಸ್ ಗೇಟಿನ ಹತ್ತಿರ ಸ್ಟೀಲ್ ಡಬ್ಬಿ ಹಿಡಿದು ಒಬ್ಬರು ಒಂದೇ ಜಾಗದಲ್ಲಿ ನಿಂತಿದ್ದು, ನಿಮ್ಮ ಭುಜದಾಚೆ ನೋಡ್ತಾ ಬಸ್ಸುಗಳ ಬಗ್ಗೆ ಹೇಳಿದರೆ ಸ್ವಲ್ಪ ನಿಂತು ಕೇಳಿ. ಅವರು ಯಾರು ಅಂತ ನನ್ನನ್ನು ಕೇಳಿದರೆ, ನಮ್ಮ ಕಾಕಾ ಅಂತ ಹೇಳ್ತೀನಿ.